ಆಪರೇಷನ್ ಆದ ಮರುದಿನ ಬಡಿದ ರೊಟ್ಟಿ

ಅದು ತೊಂಬತ್ಮೂರನೇ ಇಸವಿಯ ಶ್ರಾವಣ. ಕಾಲುವೆಗೆ ನೀರು ಬಿಟ್ಟಿದ್ದರು, ನಮ್ಮ ಕಡೆ ಭತ್ತದ ನಾಟಿ ಭರದಿಂದ ನಡೆದಿತ್ತು. ನನ್ನ ತವರು ಮುದಗಲ್. ಕೊಟ್ಟದ್ದು ಬಳಗಾನೂರಿನ ಹತ್ತಿರದ ಒಂದು ಹಳ್ಳಿಗೆ. ಆಗ ನನಗೆ ಒಬ್ಬ ಮಗ, ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ತವರಿನಲ್ಲೂ ಹೇಳುತ್ತಿದ್ದರು, ಗಂಡನ ಮನೆಯಲ್ಲೂ ಹೇಳುತ್ತಿದ್ದರು. ನಾನು ಅದನ್ನು ಬೈಗುಳ ಅಂದುಕೊಂಡಿರಲಿಲ್ಲ, ಹೊಗಳಿಕೆ ಅಂದುಕೊಂಡಿದ್ದೆ.

ನಮ್ಮತ್ತೆ ಕೆಟ್ಟವರಲ್ಲ. ಆದರೆ ಕೂತಲ್ಲಿಂದ ಏಳುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಅವರು ಒಂದು ಕೊಡ ನೀರು ಎತ್ತಿದ್ದನ್ನು ನಾನು ಕಂಡಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿದದ್ದನ್ನೂ ಕಂಡಿಲ್ಲ. ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುವುದು, ಮೊಮ್ಮಗನನ್ನು ಆಡಿಸುವುದು, ಅಲ್ಲಿಂದಲೇ ನನಗೆ ಹುಕುಂ ಮಾಡುವುದು. "ಸೊಸಿ ಬಂದಾಳ, ಇನ್ನ ನಾ ಯಾಕ ಮಾಡ್ಲಿ" ಅನ್ನುವ ಅತ್ತೆಗಿರಿ ಇದು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ತವರಿಗೆ ಹೋದಾಗ ಅವರ ದನಿ ತೆಗೆದು ಅಣಕಿಸಿ ತೋರಿಸಿ ಅಕ್ಕತಂಗಿಯರನ್ನು ನಗಿಸುತ್ತಿದ್ದೆ.

ಆ ವರ್ಷ ನನ್ನ ಬಲ ಎದೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ಆದರೆ ಇಂಥ ಜಾಗದ ಕಾಯಿಲೆಯನ್ನು ಯಾರ ಮುಂದೆ ಹೇಳುವುದು? ಗಂಡನ ಮುಂದೆಯೂ ಬಾಯಿ ಬಿಡಲಿಲ್ಲ. ಕಂಡುಹಿಡಿದದ್ದು ನಮ್ಮತ್ತೆಯೇ. "ಮಹಾದೇವಿ, ಯಾಕ ಘಳಿಗಿಗೊಮ್ಮೆ ಅಲ್ಲೇ ಕೈ ಇಟಗೋತಿ? ಏನೈತಿ ಅಲ್ಲಿ?" ಎಂದು ಒಂದು ದಿನ ಹಿಡಿದು ಕೇಳಿದರು. ನಾನು ಅತ್ತುಬಿಟ್ಟೆ. ಮರುದಿನವೇ ಬಸ್ಸು ಹತ್ತಿಸಿಕೊಂಡು ಸಿಂಧನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹಾಸಿಗೆಗಳು ಬೆರಳೆಣಿಕೆಯಷ್ಟು, ರೋಗಿಗಳು ಪಡಸಾಲೆಯ ನೆಲದ ಮೇಲೂ ಮಲಗಿರುತ್ತಿದ್ದರು. ಲಿಂಗಸುಗೂರು, ಮಸ್ಕಿ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಸಣ್ಣ ಆಪರೇಷನ್‌ಗೂ ಹಾಸಿಗೆ ಖಾಲಿಯಾಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಅಲ್ಲಿನ ಡಾಕ್ಟರು ಹೊಸ ರೂಢಿಯೊಂದನ್ನು ಶುರು ಮಾಡಿದ್ದರು. ಸಣ್ಣ ಆಪರೇಷನ್ ಆದವರನ್ನು ಅವತ್ತೇ ಸಂಜೆ ಮನೆಗೆ ಕಳಿಸುವುದು. ಮರುದಿನ ಸಿಸ್ಟರು ಜೀಪಿನಲ್ಲಿ ಮನೆಗೇ ಹೋಗಿ ನೋಡಿ ಬರುವುದು. ಪ್ರತಿ ಶನಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಎಲ್ಲರೂ ಕೂಡುತ್ತಿದ್ದರು. ಡಾಕ್ಟರು, ಸಿಸ್ಟರುಗಳು, ಆಯಾ, ಜೀಪಿನ ಡ್ರೈವರು, ಅಲ್ಲಿರುವ ರೋಗಿಗಳು, ಅವರ ಮನೆಯವರು. ಈ ವಾರ ಎಲ್ಲಿ ಎಡವಿದೆವು ಎಂದು ಮಾತಾಡಿ ಒಂದೇ ಒಂದು ಬದಲಾವಣೆ ಮಾಡುವುದು. ಮುಂದಿನ ವಾರ ಅದರಿಂದ ಉಪಯೋಗವಾಯಿತೇ ನೋಡುವುದು. ಆಗಿದ್ದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು.

"ಮೊದಲ ಮಧ್ಯಾಹ್ನದ ಮ್ಯಾಲೆ ಆಪರೇಷನ್ ಮಾಡ್ತಿದ್ವಿ. ಮುಂಜಾನಿಂದ ಉಪವಾಸ ಇದ್ದು ಮಂದಿ ಸುಸ್ತಾಗಿ ಬೀಳಾಕತ್ರು. ಈಗ ಮುಂಜಾನೇ ಮಾಡ್ತೀವಿ. ಬಸ್ಸಿನ್ಯಾಗ ಜೋಲಿ ಹೊಡದು ನೋವಾತಂದ್ರು, ಅದಕ್ಕ ಜೀಪಿನ್ಯಾಗ ಬಿಟ್ಟು ಬರ್ತೀವಿ," ಎಂದು ಡಾಕ್ಟರು ನಮಗೆ ತಿಳಿಸಿ ಹೇಳಿದರು. ನನ್ನ ಗಂಟು ಕೆಟ್ಟದ್ದಲ್ಲ ಅನ್ನಿಸುತ್ತದೆ, ಆದರೂ ತೆಗೆದು ರಾಯಚೂರಿಗೆ ಪರೀಕ್ಷೆಗೆ ಕಳಿಸೋಣ, ಆ ಜಾಗಕ್ಕಷ್ಟೇ ಜೋಮು ಬರುವ ಸೂಜಿ ಹಾಕಿ ತೆಗೆಯುತ್ತೇವೆ ಎಂದರು.

ನಮ್ಮತ್ತೆ ಅವತ್ತು ಡಾಕ್ಟರನ್ನು ಬಿಡಲಿಲ್ಲ. "ಖರೇನೇ ಅವತ್ತೇ ಕಳಸ್ತೀರೇನ್ರಿ? ರಾತ್ರಿ ಇರೂದು ಬ್ಯಾಡೇನು? ಹೊಟ್ಟಿ ಆಪರೇಷನ್ ಆದ್ರೂ ಹಿಂಗೇ ಕಳಸ್ತೀರಿ?" ಎಂದು ಕೇಳಿದ್ದನ್ನೇ ಕೇಳಿದರು. ಡಾಕ್ಟರು, "ಸಣ್ಣದಿದ್ರ ಹೊಟ್ಟೀದೂ ಮುಂದ ಮಾಡೂದದ ಯವ್ವಾ. ಈಗ ಇಂಥಾವು ಸರಿ ಹೋಗ್ತಾವೇನು ನೋಡಾಕತ್ತೀವಿ," ಎಂದರು. ನನಗೆ ಒಳಗೊಳಗೇ ಉರಿಯಿತು. ಮನೆಗೆಲಸದ ಆಳು ಎಷ್ಟು ಹೊತ್ತು ಕೈಗೆ ಸಿಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದಾರೆ ಅಂದುಕೊಂಡೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಸಂಜೆ ಜೀಪಿನಲ್ಲಿ ಮನೆಗೆ ಬಿಟ್ಟರು. ಸಿಸ್ಟರು ನಮ್ಮ ಯಜಮಾನರಿಗೆ, "ಬಲಗೈ ಎತ್ತಂಗಿಲ್ಲ, ಭಾರ ಹಿಡಿಯಂಗಿಲ್ಲ, ನೀವು ನೋಡಿಕೋಬೇಕು," ಎಂದು ಬಿಡಿಸಿ ಹೇಳಿದರು. ನಮ್ಮ ಯಜಮಾನರು ಎಲ್ಲದಕ್ಕೂ "ಹೂಂರಿ, ಹೂಂರಿ" ಅಂದರು. ಅವರ ಧ್ಯಾನವೆಲ್ಲ ಗದ್ದೆಗೆ ಬಿಟ್ಟ ನೀರಿನ ಮೇಲಿತ್ತು. ಮರುದಿನ ಮುಂಜಾನೆ ಸಿಸ್ಟರು ಬಂದು ಪಟ್ಟಿ ನೋಡಿ, ಒಣಗಿದೆ, ಚೆನ್ನಾಗಿದೆ ಎಂದು ಹೇಳಿ ಹೋದರು. ಯಜಮಾನರು ಹೊಲಕ್ಕೆ ಹೋದರು. ಓಣಿಯ ಹೆಂಗಸರೆಲ್ಲ ನಾಟಿಗೆ ಹೋಗಿದ್ದರು.

ಬಿಸಿಲೇರುವ ಹೊತ್ತಿಗೆ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರಾಲಿಯ ತುಂಬ ಮಸ್ಕಿಯ ನೆಂಟರು. ನಮ್ಮತ್ತೆಯ ನಾದಿನಿ, ಅವರ ಗಂಡ, ಮಕ್ಕಳು, ಸೊಸೆಯಂದಿರು, ಪಕ್ಕದ ಮನೆಯ ಹಿರಿಯರು. ನಮ್ಮ ಕಡೆ ಯಾರಿಗಾದರೂ ಆಪರೇಷನ್ ಆದರೆ ನೋಡಲು ಹೋಗಲೇಬೇಕು. ಹೋಗದಿದ್ದರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ.

"ದವಾಖಾನಿಗೇ ಹೊಂಟಿದ್ವಿ. ಸಿಂಧನೂರಾಗ ಕೇಳಿದ್ರ ಮನಿಗೆ ಹೋಗ್ಯಾಳ ಅಂದ್ರು," ಎಂದು ಆ ನಾದಿನಿ, ನಮ್ಮ ಮಸ್ಕಿಯ ಅತ್ತೆ, ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನವ್ವ, ನಿನ್ನಿ ಕೊಯ್ದಾರಂತ, ಇವತ್ತು ಆರಾಮಾಗಿ ಕುಂತೀದಿ. ಖರೇ ಕೊಯ್ದಾರೋ, ಇಲ್ಲಾ ಮಲಾಮ ಹಚ್ಚಿ ಕಳಿಸ್ಯಾರೋ?"

ಎಲ್ಲರೂ ನಕ್ಕರು. ಇದೇ ಸಿಂಧನೂರಿನ ಆಸ್ಪತ್ರೆಯಲ್ಲಿ ನಾನು ಮಲಗಿದ್ದರೆ ಇವರೇ ನನಗೆ ಬುತ್ತಿ ಕಟ್ಟಿಕೊಂಡು ಬಂದು, ಹಾಸಿಗೆಯ ಪಕ್ಕ ಕೂತು, ತುತ್ತು ಮಾಡಿ ತಿನ್ನಿಸುತ್ತಿದ್ದರು. ಮನೆಯಲ್ಲಿ ಇದ್ದೆನಲ್ಲ, ಅದಕ್ಕೇ ನಾನು ರೋಗಿಯಲ್ಲ, ಮನೆಯ ಸೊಸೆ. ಅವರು ರೋಗಿಯನ್ನು ನೋಡಲು ಬಂದವರಲ್ಲ, ಮನೆಗೆ ಬಂದ ನೆಂಟರು. ನೆಂಟರನ್ನು ಉಣ್ಣಿಸದೆ ಕಳಿಸುವುದುಂಟೇ?

ನಮ್ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ, "ಏಳವ್ವ, ದೂರದಿಂದ ಬಂದಾರ, ಹಸಗೊಂಡು ಹೋಗಬಾರದು. ಪಲ್ಯ ನಾ ಹೆಂಗರ ಮಾಡ್ತೀನಿ. ಒಂದ್ ನಾಕ್ ರೊಟ್ಟಿ ಬಡಿ," ಎಂದರು. ನಾಕು ರೊಟ್ಟಿ ಅಂದರೆ ಒಂದು ಬುಟ್ಟಿ ರೊಟ್ಟಿ ಎಂದು ಯಾರಿಗೆ ಗೊತ್ತಿಲ್ಲ? "ಕೈ ಎತ್ತಬ್ಯಾಡ ಅಂದಾರ್ರಿ," ಎಂದೆ. ಅವರು ಒಂದು ಕ್ಷಣ ಒಲೆಯ ಕಡೆ ನೋಡಿದರು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು, "ನನ್ನ ಕೈಲಿ ಆಗಂಗಿಲ್ಲವ್ವ," ಎಂದರು. ಅವರ ಕೈಲಿ ಆಗುವುದಿಲ್ಲವಂತೆ! ನಿನ್ನೆ ಕೊಯ್ಸಿಕೊಂಡ ನನ್ನ ಕೈಲಿ ಆಗುತ್ತದಂತೆ! ಹಲ್ಲು ಕಚ್ಚಿಕೊಂಡು ಎದ್ದೆ.

ಜೋಳದ ರೊಟ್ಟಿ ಬಡಿಯುವುದು ಬರೀ ಅಂಗೈಯ ಕೆಲಸವಲ್ಲ. ಹಿಟ್ಟು ನಾದುವಾಗ ಭುಜದ ಬಲ ಬೇಕು, ಬಡಿಯುವಾಗ ಎದೆಯವರೆಗೆ ಅದುರುತ್ತದೆ. ಒಂದಷ್ಟು ರೊಟ್ಟಿ ಆಗುವ ಹೊತ್ತಿಗೆ ಮೈ ಒದ್ದೆಯಾಯಿತು. ಒಲೆಯ ಬೆವರು ಅಂದುಕೊಂಡೆ. ಬುಟ್ಟಿ ಹಿಡಿದು ಪಂಕ್ತಿಗೆ ಬಡಿಸಲು ಬಗ್ಗಿದಾಗ ಮಸ್ಕಿಯ ಮಾವನವರ ತಾಟಿನಲ್ಲಿದ್ದ ಬಿಳಿ ರೊಟ್ಟಿಯ ಮೇಲೆ ಒಂದು ಹನಿ ರಕ್ತ ಬಿತ್ತು. ಅವರು ತಲೆ ಎತ್ತಿ ನೋಡಿದವರೇ ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಾನು ಕೆಳಗೆ ನೋಡಿಕೊಂಡೆ. ಕುಪ್ಪಸ, ಸೆರಗು ಎಲ್ಲ ಕೆಂಪಾಗಿತ್ತು. ಉಣ್ಣುತ್ತಿದ್ದ ಗಂಡಸರೆಲ್ಲ ಕೈ ತಡೆದು ನನ್ನ ಎದೆಯ ಕಡೆ ನೋಡುತ್ತಿದ್ದರು. ನೋವಿಗಿಂತ ಅದೇ ಸಂಕಟ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಬಂದಿದ್ದ ಟ್ರ್ಯಾಕ್ಟರಿನಲ್ಲೇ ನನ್ನನ್ನು ಸಿಂಧನೂರಿಗೆ ಒಯ್ದರು. ನಮ್ಮತ್ತೆ ಟ್ರಾಲಿಯಲ್ಲಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಡಚಿದ ಸೀರೆಯನ್ನು ಗಾಯದ ಮೇಲೆ ಒತ್ತಿ ಹಿಡಿದಿದ್ದರು. ರಸ್ತೆಯ ತಗ್ಗು ಬಂದಾಗೆಲ್ಲ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ನೆಂಟರ ಮುಂದೆ ಮರ್ಯಾದೆ ಹೋಯಿತೆಂದು ಸಿಟ್ಟು ಬಂದಿದೆ ಅಂದುಕೊಂಡೆ. ನಾನು ಅವರ ಮುಖ ನೋಡುವುದನ್ನೇ ಬಿಟ್ಟೆ.

ಡಾಕ್ಟರು ಮತ್ತೆ ಹೊಲಿಗೆ ಹಾಕಿದರು. "ಕೈ ಎತ್ತಿದ್ಯೇನವ್ವ? ಭಾರ ಹಿಡದ್ಯೇನು?" ಎಂದು ಕೇಳಿದರು. ಅಷ್ಟರಲ್ಲಿ ಹೊಲದಿಂದ ಓಡಿ ಬಂದಿದ್ದ ನಮ್ಮ ಯಜಮಾನರು, "ಇಲ್ರೀ ಸಾಹೇಬ್ರ, ಮನ್ಯಾಗ ಕುಂತೇ ಇದ್ಲು," ಎಂದುಬಿಟ್ಟರು. ಪಾಪ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ನಾನು ಮಂಪರು ಹತ್ತಿದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ಗಂಡನ ಎದುರಿಗೆ ಅತ್ತೆಯ ಮೇಲೆ ದೂರು ಹೇಳುವುದು ಹೇಗೆ? ನಮ್ಮತ್ತೆ ಬಾಗಿಲ ಹೊರಗೆ ನಿಂತಿದ್ದರು.

ಈ ಸಲ ನನ್ನನ್ನು ಮನೆಗೆ ಕಳಿಸಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಕೊಟ್ಟರು. ನಮ್ಮನೆಗೆ ಬಂದು ನೋಡಿ ಹೋಗಿದ್ದ ಸಿಸ್ಟರು ನನ್ನ ಹತ್ತಿರ ಬಂದಾಗೆಲ್ಲ ಕಣ್ಣು ತುಂಬಿಕೊಳ್ಳುತ್ತಿದ್ದರು. ತಾವು ಸರಿಯಾಗಿ ನೋಡಲಿಲ್ಲವೇನೋ ಎಂದು ಅವರಿಗೆ ಕೊರಗು. ನನಗೆ ಅವರ ಮೇಲೆ ಕನಿಕರ, ಅತ್ತೆಯ ಮೇಲೆ ಸಿಟ್ಟು. ನಮ್ಮತ್ತೆ ನನ್ನ ಕಾಲ ಹತ್ತಿರ ಕೂತಿರುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ನಾನು ಮಾತಾಡುತ್ತಿರಲಿಲ್ಲ.

ಶನಿವಾರ ಬಂತು. ಎಲ್ಲರೂ ಪಡಸಾಲೆಯಲ್ಲಿ ಕೂತರು. ನಾನು ಗೋಡೆಗೆ ಒರಗಿ ಕೂತಿದ್ದೆ, ನಮ್ಮತ್ತೆ ಪಕ್ಕದಲ್ಲಿ. ಯಜಮಾನರು ನಾಟಿಗೆಂದು ಊರಿಗೆ ಹೋಗಿದ್ದರು. ಡಾಕ್ಟರು ಬಹಳ ಬೇಸರದಲ್ಲಿದ್ದರು.

"ಈ ಹೆಣ್ಮಗಳ ಹೊಲಿಗಿ ಬಿಚ್ಚಿ ರಕ್ತ ಹೋಗ್ಯದ. ಮನ್ಯಾಗ ಏನೂ ಮಾಡಿಲ್ಲಂತಾರ. ಅಂದ್ರ ನನ್ನ ಕೈದೇ ತಪ್ಪಿರಬೇಕು. ಅದು ತಿಳಿಯೂತನಕ ಅವತ್ತೇ ಮನಿಗೆ ಕಳಸೂದು ಬಂದ್. ಮೊದಲಿನಂಗ ಎಲ್ಲಾರೂ ಎಂಟು ದಿನ ಇಲ್ಲೇ ಇರ್ಲಿ," ಎಂದರು.

ಪಡಸಾಲೆಯಲ್ಲಿ ಗುಜುಗುಜು ಶುರುವಾಯಿತು. ಸರದಿಗಾಗಿ ಕಾಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಲಿಂಗಸುಗೂರಿನಿಂದ ಬಂದಿದ್ದ ಒಬ್ಬಾಕೆ, "ಎಂಟು ದಿನ ಮನಿ ಬಿಟ್ಟು ಹೆಂಗಿರಾಕ ಬರ್ತೈತ್ರಿ? ಹಂಗಾದ್ರ ನಂಗ ಆಪರೇಷನ್ನೇ ಬ್ಯಾಡ," ಎಂದು ತನ್ನ ಬಟ್ಟೆಬರೆಯ ಗಂಟು ಕಟ್ಟಲು ಶುರು ಮಾಡಿದಳು. ಡಾಕ್ಟರು ತಲೆ ತಗ್ಗಿಸಿದರು. ಆ ಸಿಸ್ಟರು ಅಳುತ್ತಿದ್ದರು.

ಆಗ ನಾನು ಬಾಯಿ ತೆರೆದೆ. "ಹೊಲಿಗಿ ಬಿಚ್ಚಿದ್ದು ನಿಮ್ಮ ಕೈಯಿಂದ ಅಲ್ರೀ ಸಾಹೇಬ್ರ, ನಮ್ಮತ್ತಿ ಬಾಯಿಂದ," ಎಂದೆ.

ಮೊದಲು ಯಾರಿಗೂ ತಿಳಿಯಲಿಲ್ಲ. ನಾನು ಅತ್ತೆಯ ಮುಖವನ್ನೇ ನೋಡುತ್ತ ಬಿಡಿಸಿ ಹೇಳಿದೆ. "ನೆಂಟ್ರು ಬಂದಿದ್ರು. ಇವರು ಕಟ್ಟಿ ಮ್ಯಾಲೆ ಕುಂತು ಹುಕುಂ ಮಾಡಿದ್ರು. ನಾ ಒಂದು ಬುಟ್ಟಿ ರೊಟ್ಟಿ ಬಡದೆ. ನಾ ಈ ಮನಿಗೆ ಬಂದಾಗಿಂದ ಇವರು ಒಂದು ಕೊಡ ಎತ್ತಿಲ್ಲ, ಒಂದು ರೊಟ್ಟಿ ಬಡಿದಿಲ್ಲ. ದೊಡ್ಡ ಗೌಡಸಾನಿ! 'ಏಳವ್ವ, ಒಂದ್ ನಾಕ್ ರೊಟ್ಟಿ ಬಡಿ!'" ಕೊನೆಯ ಮಾತನ್ನು ಅವರದೇ ದನಿ ತೆಗೆದು ಹೇಳಿದೆ. ತವರಿನಲ್ಲಿ ರೂಢಿಯಾಗಿತ್ತಲ್ಲ.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಗಂಟು ಕಟ್ಟುತ್ತಿದ್ದವಳೂ ನಕ್ಕಳು. ಡಾಕ್ಟರು ಮಾತ್ರ ನಗಲಿಲ್ಲ. ನಮ್ಮತ್ತೆ ಅಷ್ಟು ಜನರ ಮಧ್ಯೆ ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ಎದ್ದು ನಿಂತರು. "ಖರೇ ಐತ್ರಿ. ನಾನೇ ಎಬ್ಬಿಸಿದೆ. ಆಕಿ ಒಲ್ಲೆ ಅಂದ್ಲು," ಎಂದರು. ಆಮೇಲೆ ಸಿಸ್ಟರ ಕಡೆ ತಿರುಗಿ, "ತಂಗೀ, ಒಳಗ ಬಾ. ನಿನ್ಗ ಒಂದು ತೋರಸ್ತೀನಿ," ಎಂದು ಒಳಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಸಿಸ್ಟರು ನನ್ನನ್ನೂ ಒಳಗೆ ಕರೆದರು. ನಮ್ಮತ್ತೆ ಮೇಜಿನ ಮೇಲೆ ಮಲಗಿದ್ದರು. ಹೊಟ್ಟೆಗೆ ಹಳೆಯ ಧೋತರದ ಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿಯಾಗಿ ಕಟ್ಟಿಕೊಂಡಿದ್ದರು. ಸಿಸ್ಟರು ಅದನ್ನು ಬಿಚ್ಚಿದಾಗ ಹೊಕ್ಕಳಿನ ಜಾಗದಲ್ಲಿ ತೆಂಗಿನಕಾಯಿಯಷ್ಟು ದಪ್ಪ ಉಬ್ಬು ಹೊರಗೆ ಬಂತು. ಪಟ್ಟಿ ಕಟ್ಟಿ ಕಟ್ಟಿ ಸುತ್ತಲಿನ ಚರ್ಮ ಕಪ್ಪಾಗಿ ಗಾಯದ ಗುರುತು ಬಿದ್ದಿತ್ತು. ಹರ್ನಿಯಾ ಎಂದರು ಸಿಸ್ಟರು. ಕೊಡ ಎತ್ತಿದರೆ, ಕುಕ್ಕರಗಾಲಲ್ಲಿ ಕೂತು ಬಲ ಹಾಕಿದರೆ ಕರುಳು ಹೊರಗೆ ನೂಕಿಕೊಂಡು ಬರುತ್ತದೆಯಂತೆ, ಜೀವ ಹೋಗುವಷ್ಟು ನೋವಂತೆ. ಟ್ರಾಲಿಯಲ್ಲಿ ಕುಲುಕಿದರಂತೂ ಕೇಳುವುದೇ ಬೇಡ.

"ಯಾವಾಗಿಂದ ಐತ್ರಿ?" ಎಂದೆ.

"ನೀ ಬರೂಕಿಂತ ಮೊದಲಿಂದ ಐತವ್ವ."

"ನನ್ನ ಮುಂದ ಯಾಕ ಹೇಳ್ಲಿಲ್ಲ?"

"ಹೊಟ್ಟಿ ತೆಗದು ಸೊಸಿಗಿ ತೋರಸ್ಲೇನು? ನೀನರ ನಿನ್ನ ಗಂಟು ನನಗ ಹೇಳಿದ್ಯೇನು?" ಎಂದು ಅವರು ಮಲಗಿದಲ್ಲೇ ಸೂರು ನೋಡುತ್ತ ಕೇಳಿದರು. "ಎಂಟು ದಿನ ದವಾಖಾನ್ಯಾಗ ಬಿದ್ರ ಮನಿ ನಡೀಬೇಕಲ್ಲ. ಅದಕ್ಕ ಬ್ಯಾಡ ಅನ್ಕೊಂಡಿದ್ದೆ. ಇವರು ಮುಂಜಾನಿ ಬಂದು ಸಂಜಿಕ ಹೋಗ್ರಿ ಅಂದ್ರಲ್ಲ, ನಿಂದು ಸರಿ ಹೋದ್ರ ಬೆನ್ನಿಗೆ ನಂದೂ ಮಾಡಿಸ್ಕೊಳ್ಳೂಣಂತ ಇದ್ದೆ. ಈಗ ಅದೂ ಬಂದ್ ಅಂದ್ರು. ಬಂದ್ ಮಾಡಬಾರದಂತ ತೋರಿಸಿದೆ."

ನಾನು ಅವರ ಜೊತೆ ಒಂದೇ ಮನೆಯಲ್ಲಿ ಉಂಡು, ಒಂದೇ ಪಡಸಾಲೆಯಲ್ಲಿ ಮಲಗಿದವಳು. ಅವರು ಕೆಮ್ಮುವಾಗ ಹೊಟ್ಟೆ ಹಿಡಿದುಕೊಳ್ಳುವುದನ್ನು ದಿನವೂ ನೋಡಿದವಳು. ಅದನ್ನೂ ಅಣಕಿಸಿದ್ದೆ. ಹೊರಗೆ ಜನ ಇನ್ನೂ ನನ್ನ ಮಾತು ಹೇಳಿಕೊಂಡು ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಆ ಧೋತರದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಡಾಕ್ಟರು ಬಂದು ನೋಡಿದರು. "ಇದು ಬಾಳ ದೊಡ್ಡದಾಗ್ಯದ ಯವ್ವಾ. ಅವತ್ತೇ ಕಳಸೂವಂಥದ್ದಲ್ಲ. ಸಣ್ಣದಿದ್ದಾಗ ಬಂದಿದ್ರ ಬ್ಯಾರೆ ಮಾತು," ಎಂದರು. ನಮ್ಮತ್ತೆಯ ಮುಖ ಸಪ್ಪಗಾಯಿತು. "ಮನಿ ನಾ ನೋಡ್ಕೋತೀನ್ರಿ ಅತ್ತಿ, ಎಷ್ಟ ದಿನ ಆದ್ರೂ ಇರ್ರಿ," ಎಂದೆ. ಅಷ್ಟು ಹೇಳಲು ನನಗೆ ಯಾವ ಯೋಗ್ಯತೆ ಇತ್ತೋ ಕಾಣೆ. ಅವರು, "ಮೊದಲ ನಿನ್ನ ಹೊಲಿಗಿ ಮಾಯ್ಲಿ," ಎಂದರು.

ಆ ಶನಿವಾರ ಡಾಕ್ಟರು ರೂಢಿಯನ್ನು ನಿಲ್ಲಿಸಲಿಲ್ಲ. ಬದಲಿಗೆ ಒಂದು ಪ್ರಶ್ನೆ ಸೇರಿಸಿದರು. ಆಪರೇಷನ್ ದಿನ ಗೊತ್ತು ಮಾಡುವ ಮೊದಲು ಪ್ರತಿ ಹೆಂಗಸಿಗೂ, "ನಿಮ್ಮ ಮನ್ಯಾಗ ರೊಟ್ಟಿ ಬಡಿಯೋರು ಯಾರು?" ಎಂದು ಕೇಳುವುದು. "ನಾನೇ" ಅಂದರೆ ಮನೆಯವರನ್ನು ಕರೆಸಿ, ಬೇರೆ ಯಾರಾದರೂ ಒಪ್ಪಿಕೊಳ್ಳುವವರೆಗೆ ದಿನ ಕೊಡುವುದಿಲ್ಲ. ಮುಂದಿನ ವಾರ ಇಬ್ಬರು ಹೆಂಗಸರಿಗೆ ಕೇಳಿ ನೋಡಿದರು. ಆಪರೇಷನ್ ಆದ ಮರುದಿನ ಸಿಸ್ಟರು ಹೋದಾಗ ಇಬ್ಬರೂ ಮನೆಯಲ್ಲಿ ಆರಾಮಾಗಿ ಮಲಗಿದ್ದರು. ಸಿಸ್ಟರು ಜೀಪಿನಲ್ಲಿ ಬಿಟ್ಟು ಬರುವಾಗ ಓಣಿಯವರ ಎದುರಿಗೆ, "ನೋಡಾಕ ಬರೋರು ಬುತ್ತಿ ಕಟಗೊಂಡು ಬರ್ರಿ," ಎಂದು ಹೇಳಿ ಬರುವುದೂ ಆಮೇಲೆ ಸೇರಿಕೊಂಡಿತು. ನಾನು ಕಂಡ ಹಾಗೆ ಕೆಲವು ವರ್ಷಗಳಲ್ಲಿ ಸಣ್ಣ ಹರ್ನಿಯಾದವರೂ ಮುಂಜಾನೆ ಬಂದು ಸಂಜೆಗೆ ಮನೆಗೆ ಹೋಗತೊಡಗಿದರು. ಪಡಸಾಲೆಯ ನೆಲದ ಮೇಲೆ ಮಲಗುವವರು ಕಡಿಮೆಯಾದರು.

ನನ್ನ ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ರಾಯಚೂರಿನಿಂದ ಬಂತು. ನಾಟಿ ಮುಗಿದ ಮೇಲೆ ನಮ್ಮತ್ತೆಯ ಆಪರೇಷನ್ ಆಯಿತು. ಅವರನ್ನು ಬಹಳ ದಿನ ಇಟ್ಟುಕೊಂಡರು. ಗುಣವಾಗಿ ಬಂದು ಕೆಲವು ತಿಂಗಳಿಗೆ ಒಂದು ಮುಂಜಾನೆ ಅವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನನಗಿಂತ ತೆಳ್ಳಗೆ, ನನಗಿಂತ ದುಂಡಗೆ.

ಆದರೆ ಆ ಆಸ್ಪತ್ರೆಯಲ್ಲಿ ನನ್ನ ಹೆಸರು ಉಳಿದುಬಿಟ್ಟಿತು. ಯಾವಾಗ ಹೋದರೂ ಡಾಕ್ಟರು ಹೊಸ ಸಿಸ್ಟರುಗಳನ್ನು ಕರೆದು, "ನೋಡ್ರಿ, ಈ ಹೆಣ್ಮಗಳು ಎಲ್ಲಾರ ಮುಂದ ಧೈರ್ಯದಿಂದ ಖರೇ ಹೇಳಿದ್ಲು. ಇಲ್ಲಂದ್ರ ನಾವು ಅವತ್ತೇ ಬಂದ್ ಮಾಡಿಬಿಡ್ತಿದ್ವಿ," ಎಂದು ತೋರಿಸುತ್ತಿದ್ದರು. ಪಕ್ಕದಲ್ಲಿ ನಮ್ಮತ್ತೆ ಇದ್ದರೆ ಅವರೂ, "ಹೌದ್ರಿ, ನಮ್ಮ ಸೊಸಿ ಬಾಳ ಧೈರ್ಯದಾಕಿ," ಎಂದು ತಲೆ ಆಡಿಸುತ್ತಿದ್ದರು. ನನ್ನ ಮುಖ ಸುಟ್ಟ ಹಾಗಾಗುತ್ತಿತ್ತು. ನಾನು ಆಸ್ಪತ್ರೆಗಾಗಿ ಹೇಳಿದವಳಲ್ಲ, ಅಳುತ್ತಿದ್ದ ಸಿಸ್ಟರಿಗಾಗಿಯೂ ಅಲ್ಲ. ಅಷ್ಟು ಜನರ ಮುಂದೆ ಅವರಿಗೆ ಚುಚ್ಚಬೇಕೆಂದೇ ಹೇಳಿದ್ದೆ.

ಒಮ್ಮೆ ಹಾಗೆ ಹೊಗಳಿಸಿಕೊಂಡು ಮನೆಗೆ ಬಂದ ದಿನ ತಡೆಯಲಾಗಲಿಲ್ಲ. "ಅತ್ತಿ, ನಾ ಅವತ್ತು ಧೈರ್ಯದಿಂದ ಅಂದಿದ್ದಲ್ರಿ. ನಿಮ್ಮ ಮ್ಯಾಲಿನ ಸಿಟ್ಟಿಗೆ ಅಂದಿದ್ದೆ," ಎಂದೆ.

"ನಂಗೊತ್ತಿಲ್ಲೇನು? ನನ್ನ ಮಾರಿ ನೋಡಿಕೋತ ಅಂದಿದ್ದಿ," ಎಂದರು.

"ಮತ್ತ ಅವರ ಮುಂದ ನನ್ನ ಧೈರ್ಯದಾಕಿ ಅಂತ ಯಾಕ ಹೇಳ್ತೀರಿ?"

"ಮತ್ತೇನು ಹೇಳ್ಲವ್ವ? ನನ್ನ ಸೊಸಿ ನಾಕು ಮಂದಿ ಮುಂದ ನನ್ನ ಮಾನ ತೆಗದ್ಲು ಅಂತ ಹೇಳ್ಲೇನು?"

ಅಷ್ಟು ಹೇಳಿ ಅವರು ಮೊಮ್ಮಗನನ್ನು ಉಣ್ಣಲು ಕರೆದರು. ನಾನು ಎದ್ದು ತಾಟು ಹಾಕಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಗ ನನಗೂ ಸೊಸೆ ಬಂದಿದ್ದಾಳೆ. ಇವತ್ತಿಗೂ ಯಾರಾದರೂ ನನ್ನನ್ನು ಧೈರ್ಯವಂತೆ ಅಂದರೆ ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ.